ಹಿಮ್ಮೇಳಕ್ಕೆ ಸ್ಯಾಕ್ಸೊಫೋನ್ ತಂದ ಕಾರಂತರು

ಪಡುಬಿದ್ರಿ ದಾಟಿ ಕಾಪುವಿನತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಎರ್ಮಾಳು ಎರಡಾಗಿ ಹೆಸರು ಹಂಚಿಕೊಂಡ ಊರು. ದಕ್ಷಿಣಕ್ಕೆ ತೆಂಕ ಎರ್ಮಾಳು, ಉತ್ತರಕ್ಕೆ ಬಡಾ ಎರ್ಮಾಳು. ತುಳುನಾಡಿನ ಜಾತ್ರೆಗಳ ಸರಣಿ ಎರ್ಮಾಳಿನ ಜನಾರ್ದನ ದೇವಸ್ಥಾನದ ಉತ್ಸವದಿಂದ ಆರಂಭಗೊಂಡು ಖಂಡಿಗೆಯಲ್ಲಿ ಮುಗಿಯುತ್ತದೆ ಎಂಬುದು ಹಿರಿಯರ ಲೆಕ್ಕ. ಕರಾವಳಿಯ ಇಂತಹ ಉತ್ಸವಗಳಲ್ಲಿ, ಮದುವೆ ಮಂಟಪಗಳಲ್ಲಿ ಇಂದು ಕೇಳಿಬರುವ ವಾದ್ಯಗಳಲ್ಲಿ ಸ್ಯಾಕ್ಸೊಫೋನ್ ಒಂದು. ಅಮೆರಿಕದ ಜಾಝ್ ಕ್ಲಬ್ಬುಗಳ ಹೊಗೆ ತುಂಬಿದ ಕೋಣೆಗಳಲ್ಲಿ ಹೆಸರು ಮಾಡಿದ ಈ ಹಿತ್ತಾಳೆಯ ಕೊಳವೆ, ದೇವರ ಬಲಿ ಸೇವೆಯ ಹೊತ್ತಿಗೆ ನುಡಿದರೆ ಇಲ್ಲಿ ಯಾರಿಗೂ ಅಚ್ಚರಿಯಾಗುವುದಿಲ್ಲ.

ಆದರೆ ಇದೇ ವಾದ್ಯ ಯಕ್ಷಗಾನದ ಹಿಮ್ಮೇಳದಲ್ಲಿ ಭಾಗವತರ ಪಕ್ಕಕ್ಕೆ ಬಂದು ಕುಳಿತಾಗ ಕರಾವಳಿ ಇಬ್ಭಾಗವಾಯಿತು. ಅದನ್ನು ತಂದು ಕೂರಿಸಿದವರು ಡಾ. ಕೋಟ ಶಿವರಾಮ ಕಾರಂತರು. ಕಾದಂಬರಿಕಾರರಾಗಿ, ಜ್ಞಾನಪೀಠ ಪುರಸ್ಕೃತರಾಗಿ, ಪರಿಸರ ಹೋರಾಟಗಾರರಾಗಿ ಅವರನ್ನು ನಾಡು ಬಲ್ಲದು. ಸಂಗೀತ ಮತ್ತು ಕುಣಿತದ ಬೆನ್ನು ಹತ್ತಿದ ಕಾರಂತರ ಬದುಕು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಬರವಣಿಗೆಯಷ್ಟೇ ದೀರ್ಘವಾದ ಆ ದುಡಿಮೆಯ ಫಲವನ್ನು ಉಡುಪಿ ಇಂದಿಗೂ ಉಣ್ಣುತ್ತಿದೆ.

ಬಡಗಿನ ಹುಡುಗ, ತೆಂಕಿನ ವಾಸ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಎರ್ಮಾಳಿನಂತೆಯೇ ಯಕ್ಷಗಾನವೂ ತೆಂಕು, ಬಡಗು ಎಂದು ಎರಡು ತಿಟ್ಟುಗಳಾಗಿ ಹಂಚಿಹೋದ ಕಲೆ. ಕೋಟ, ಬ್ರಹ್ಮಾವರ, ಕುಂದಾಪುರದ ಸೀಮೆ ಬಡಗುತಿಟ್ಟಿನದು. ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ಪ್ರಸಿದ್ಧ ಕುಣಿತದ ಶೈಲಿಗಳು ಬೆಳೆದದ್ದು ಅಲ್ಲಿಯೇ. ಕೊಯ್ಲು ಮುಗಿದ ಗದ್ದೆಗಳಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಬಯಲಾಟಗಳ ನಡುವೆ ಅವರ ಬಾಲ್ಯ ಕಳೆಯಿತು.

ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ ತರುಣ, 1920ರ ದಶಕದ ಆರಂಭದಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದಿಗೆ ವಿದಾಯ ಹೇಳಿದರು. ಖಾದಿ ಪ್ರಚಾರ, ಸಮಾಜ ಸುಧಾರಣೆ, ಪತ್ರಿಕೆ ಎಂದು ಊರೂರು ಅಲೆದರು. ವಸಂತ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾ ಹಿಡಿದು ಡೊಮಿಂಗೊ ಎಂಬ ಚಿತ್ರವನ್ನೂ ತಯಾರಿಸಿದರು. ಕೈ ಹಾಕಿದ್ದರಲ್ಲಿ ಗೆದ್ದದ್ದೂ ಉಂಟು, ಕೈ ಸುಟ್ಟುಕೊಂಡದ್ದೂ ಉಂಟು.

ನೆಲೆ ನಿಂತದ್ದು ಪುತ್ತೂರಿನಲ್ಲಿ. ಅದು ಅಪ್ಪಟ ತೆಂಕುತಿಟ್ಟಿನ ಸೀಮೆ. ಸಹಕಾರಿ ರಂಗದ ಹಿರಿಯ ಮೊಳಹಳ್ಳಿ ಶಿವರಾಯರ ಬೆಂಬಲದಿಂದ ಪುತ್ತೂರಿನಲ್ಲಿ ದಸರಾ ನಾಡಹಬ್ಬದ ಸಂಪ್ರದಾಯ ಬೆಳೆಯಿತು. ಊರ ಹೊರಗಿನ ಗುಡ್ಡದ ಮೇಲೆ ಬಾಲವನ ತಲೆಯೆತ್ತಿತು. ಮಕ್ಕಳಿಗೆ ಪರೀಕ್ಷೆಯ ಹೆದರಿಕೆಯಿಲ್ಲದ ಕಲಿಕೆ, ಹಾಡು, ಕುಣಿತ, ಚಿತ್ರ ಎಲ್ಲಕ್ಕೂ ಅಲ್ಲಿ ಎಡೆಯಿತ್ತು. 1936ರಲ್ಲಿ ಕಾರಂತರು ಬಂಟ ಸಮುದಾಯದ ಲೀಲಾ ಆಳ್ವರನ್ನು ವಿವಾಹವಾದರು. ಜಾತಿಯ ಕಟ್ಟು ಬಿಗಿಯಾಗಿದ್ದ ಆ ದಿನಗಳಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಮುಂದಿನ ಐದು ದಶಕಗಳ ಕಾಲ ಗಂಡನ ಎಲ್ಲ ಸಾಹಸಗಳ ಭಾರವನ್ನು ಲೀಲಾ ಅವರು ಹಂಚಿಕೊಂಡರು.

ಮಾತಿಲ್ಲದ ನಾಟಕದ ಹಂಬಲ

ಪುತ್ತೂರಿನ ಆರಂಭದ ವರ್ಷಗಳಲ್ಲಿಯೇ ಕಾರಂತರ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯತೊಡಗಿತ್ತು. ಮಾತಿನ ನೆರವಿಲ್ಲದೆ ಹಾಡು ಮತ್ತು ಚಲನೆಯಿಂದಲೇ ಕತೆಯನ್ನು ನಡೆಸಲು ಸಾಧ್ಯವೇ ಎಂಬುದು ಆ ಪ್ರಶ್ನೆ. ಪಶ್ಚಿಮದ ಒಪೆರಾ ಮತ್ತು ಬ್ಯಾಲೆಗಳ ಬಗ್ಗೆ ಅವರಿಗೆ ತೀವ್ರ ಕುತೂಹಲವಿತ್ತು. ಆ ಕುತೂಹಲದಿಂದ ಗೀತನಾಟಕಗಳು ಹುಟ್ಟಿದವು. ಮುಕ್ತದ್ವಾರ, ಕಿಸಾಗೋತಮಿ ಮೊದಲಾದವು ಈ ಸಾಲಿಗೆ ಸೇರಿದವು. ಹಾಡಿನ ಮೇಲೆಯೇ ನಿಂತ ನಾಟಕ ಕನ್ನಡಕ್ಕೆ ಆಗ ಹೊಸತು. ಕಿನ್ನರ ನೃತ್ಯ ಎಂಬ ಹೆಸರಿನಲ್ಲಿ ಮೂಕಾಭಿನಯ ಮತ್ತು ಕುಣಿತದ ಪ್ರಯೋಗಗಳೂ ನಡೆದವು. ಕಾಲಿಗೆ ಗೆಜ್ಜೆ ಕಟ್ಟಿ ಸ್ವತಃ ಕುಣಿಯಲು ಕಾರಂತರಿಗೆ ಸಂಕೋಚವಿರಲಿಲ್ಲ.

ಈ ಪ್ರಯೋಗಗಳಿಗೆ ಬೇಕಾದ ನೆಲ ಹೊರಗೆಲ್ಲೂ ಇಲ್ಲ, ತಾನು ಹುಟ್ಟಿದ ಊರಿನ ಗದ್ದೆಯಲ್ಲೇ ಇದೆ ಎಂಬ ಅರಿವು ಅವರಿಗೆ ಬೆಳೆಯುತ್ತ ಬಂತು. ಯಕ್ಷಗಾನದಲ್ಲಿ ಹಾಡಿತ್ತು, ಕುಣಿತವಿತ್ತು, ಬಣ್ಣವಿತ್ತು, ಲೋಕದಲ್ಲಿ ಮತ್ತೆಲ್ಲೂ ಕಾಣದ ವೇಷವಿತ್ತು. ಅದನ್ನು ಅರಿಯಲು ಅವರು ಹಳೆಯ ಪ್ರಸಂಗಗಳ ತಾಡವೋಲೆಗಳನ್ನು ಹುಡುಕಿಕೊಂಡು ಹೊರಟರು.

ಪ್ರತಿ ಪದ್ಯದ ತಲೆಯಲ್ಲಿಯೂ ಅದನ್ನು ಹಾಡಬೇಕಾದ ರಾಗ, ತಾಳಗಳ ಹೆಸರನ್ನು ಬರೆಯುವುದು ಪ್ರಸಂಗ ಸಾಹಿತ್ಯದ ಪದ್ಧತಿ. ಓಲೆಗಳಲ್ಲಿ ಕಂಡ ಎಷ್ಟೋ ರಾಗಗಳು ಭಾಗವತರ ಬಾಯಲ್ಲಿ ಉಳಿದಿರಲಿಲ್ಲ. ಹಳೆಯ ಭಾಗವತರನ್ನು ಹುಡುಕಿ, ಹಾಡಿಸಿ, ಉಳಿದಿದ್ದುದನ್ನು ಹೆಕ್ಕುವ ಕೆಲಸಕ್ಕೆ ಕಾರಂತರು ಕೈ ಹಾಕಿದರು. ವೇಷಗಳನ್ನು, ಮುಖವರ್ಣಿಕೆಯನ್ನು, ಹಗುರ ಮರದ ಮೇಲೆ ಬೇಗಡೆ ಅಂಟಿಸಿದ ಆಭರಣಗಳನ್ನು, ಬಡಗಿನ ಮುಂಡಾಸು ಕಟ್ಟುವ ಕ್ರಮವನ್ನು ಒಂದೊಂದಾಗಿ ದಾಖಲಿಸಿದರು.

ಈ ಅಲೆದಾಟದ ಫಲವೇ 1957ರಲ್ಲಿ ಹೊರಬಂದ ಯಕ್ಷಗಾನ ಬಯಲಾಟ ಎಂಬ ಗ್ರಂಥ. ಅದಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಚೋಮನ ದುಡಿ, ಮರಳಿ ಮಣ್ಣಿಗೆ, ಬೆಟ್ಟದ ಜೀವದಂತಹ ಕಾದಂಬರಿಗಳನ್ನು ಬರೆದ ಲೇಖಕನಿಗೆ ಆ ಗೌರವ ದೊರೆತದ್ದು ಯಕ್ಷಗಾನದ ಪುಸ್ತಕಕ್ಕೆ ಎಂಬುದು ಗಮನಿಸಬೇಕಾದ ಸಂಗತಿ.

ವಿವಾದಗಳೂ ಜೊತೆಗೇ ಬಂದವು. ಯಕ್ಷಗಾನ ರಾಮಾಯಣದ ಪ್ರಸಂಗಗಳನ್ನು ರಚಿಸಿದವನು ಕುಂಬಳೆಯ ಪಾರ್ತಿಸುಬ್ಬ ಎಂಬುದು ತೆಂಕಿನವರ ನಂಬಿಕೆ. ಕಾರಂತರು ಅದನ್ನು ಒಪ್ಪದೆ, ಅವು ಅಜಪುರದ, ಅಂದರೆ ಬ್ರಹ್ಮಾವರದ ಸುಬ್ಬನವು ಎಂದು ವಾದಿಸಿದರು. ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರಂತಹ ವಿದ್ವಾಂಸರ ನಿಲುವು ಕುಂಬಳೆಯ ಪರವಾಗಿತ್ತು. ಈ ಚರ್ಚೆ ದಶಕಗಳ ಕಾಲ ನಡೆಯಿತು. ಅದರ ಬಿಸಿ ತೆಂಕು ಮತ್ತು ಬಡಗಿನ ಅಭಿಮಾನಿಗಳ ನಡುವೆ ಹಬ್ಬಿತು.

ಡೇರೆಯೊಳಗಿನ ಬದಲಾವಣೆ

ಕಾರಂತರು ಗ್ರಂಥ ಬರೆಯುತ್ತಿದ್ದ ಹೊತ್ತಿಗೆ ಯಕ್ಷಗಾನವೂ ಮಗ್ಗುಲು ಬದಲಿಸುತ್ತಿತ್ತು. ದೇವಸ್ಥಾನಗಳ ಹೆಸರಿನಲ್ಲಿ ಹರಕೆಯ ಬಯಲಾಟ ಆಡುತ್ತಿದ್ದ ಮೇಳಗಳ ಜೊತೆಗೆ ಟಿಕೇಟು ಹಚ್ಚಿ ಆಡುವ ಡೇರೆ ಮೇಳಗಳು ಬಂದವು. ಜನರನ್ನು ಸೆಳೆಯಬೇಕಾದ ಒತ್ತಡದಲ್ಲಿ ಸಿನಿಮಾ ಧಾಟಿಯ ಹಾಡುಗಳು ಸೇರಿಕೊಂಡವು. ಮಿರುಗುವ ಬಟ್ಟೆಗಳು ಹಳೆಯ ವೇಷದ ಜಾಗವನ್ನು ಆಕ್ರಮಿಸಿದವು. ಕುಣಿತ ಕುಗ್ಗಿ ಮಾತು ಉದ್ದವಾಯಿತು. ಕಾರಂತರು ಇದನ್ನು ಕಟುವಾಗಿ ಟೀಕಿಸಿದರು. ಅವರ ನಾಲಿಗೆಯ ಮೊನೆಗೆ ಸಿಕ್ಕಿದ ಮೇಳದ ಯಜಮಾನರು ಮತ್ತು ಕಲಾವಿದರು ಅವರನ್ನು ಸುಲಭವಾಗಿ ಕ್ಷಮಿಸಲಿಲ್ಲ.

ಟೀಕೆಯಿಂದ ಕಲೆ ಉಳಿಯದು, ಕಲಿಸಬೇಕು ಎಂಬ ಯೋಚನೆಗೆ ಉಡುಪಿಯಲ್ಲಿ ಜೊತೆ ಸಿಕ್ಕಿತು. ಮಹಾತ್ಮ ಗಾಂಧಿ ಸ್ಮಾರಕ ಕಾಲೇಜನ್ನು ಮುನ್ನಡೆಸಿದ ಪ್ರೊ. ಕು.ಶಿ. ಹರಿದಾಸ ಭಟ್ಟರು ಸಂಘಟನೆಯಲ್ಲಿ ಎತ್ತಿದ ಕೈ. ಅವರ ಮುಂದಾಳತ್ವ ಹಾಗೂ ಕಾರಂತರ ಮಾರ್ಗದರ್ಶನದಲ್ಲಿ 1971ರಲ್ಲಿ ಉಡುಪಿಯ ಯಕ್ಷಗಾನ ಕೇಂದ್ರ ಆರಂಭವಾಯಿತು. ಮಟಪಾಡಿ ಶೈಲಿಯ ವೀರಭದ್ರ ನಾಯಕರು ಕುಣಿತ ಕಲಿಸಿದರು. ನೀಲಾವರ ರಾಮಕೃಷ್ಣಯ್ಯನವರು ಭಾಗವತಿಕೆ ಕಲಿಸಿದರು. ಹಾರಾಡಿ ರಾಮ ಗಾಣಿಗರಂತಹ ಮೇರು ಕಲಾವಿದರ ಕುಣಿತಕ್ಕೆ ಮದ್ದಲೆ ನುಡಿಸಿದ್ದ ಹಿರಿಯಡ್ಕ ಗೋಪಾಲ ರಾಯರು ಹಿಮ್ಮೇಳದ ಗುರುಗಳಾದರು. ಅಪ್ಪನಿಂದ ಮಗನಿಗೆ, ಮೇಳದ ಹಿರಿಯನಿಂದ ಬಾಲಗೋಪಾಲ ವೇಷದ ಹುಡುಗನಿಗೆ ಇಳಿದು ಬರುತ್ತಿದ್ದ ವಿದ್ಯೆ ಮೊದಲ ಬಾರಿಗೆ ಪಾಠದ ಕ್ರಮಕ್ಕೆ ಬಂದದ್ದು ಇಂತಹ ಕೇಂದ್ರಗಳಿಂದ.

ಅದೇ ಕಾಲಕ್ಕೆ ಅಮೆರಿಕದಿಂದ ಬಂದಿದ್ದ ಮಾರ್ತಾ ಆಷ್ಟನ್ ಎಂಬ ಸಂಶೋಧಕಿ ಗೋಪಾಲ ರಾಯರ ಬಳಿ ಬಡಗುತಿಟ್ಟಿನ ಕುಣಿತ ಕಲಿತರು. ಹೆಂಗಸರು ರಂಗಸ್ಥಳ ಏರುವುದೇ ಅಪರೂಪವಾಗಿದ್ದಾಗ ಆಕೆ ಗೆಜ್ಜೆ ಕಟ್ಟಿದರು. ಬ್ರೂಸ್ ಕ್ರಿಸ್ಟಿ ಅವರೊಡನೆ ಆಕೆ ಇಂಗ್ಲಿಷಿನಲ್ಲಿ ಬರೆದ ಯಕ್ಷಗಾನದ ಪುಸ್ತಕ 1977ರಲ್ಲಿ ಪ್ರಕಟವಾಯಿತು. ಉಡುಪಿಯ ಒಂದು ಕಲೆಯನ್ನು ಹೊರಗಿನವರು ನೋಡುವ ಕಿಟಕಿ ಹೀಗೆ ತೆರೆಯಿತು.

ಅರ್ಥ ಹೋಯಿತು, ಸ್ಯಾಕ್ಸೊಫೋನ್ ಬಂತು

ಹೊರಗಿನವರು ನೋಡಬೇಕಾದರೆ ಭಾಷೆಯ ತಡೆ ದಾಟಬೇಕಿತ್ತು. ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡಿದ ಬಳಿಕ ವೇಷಧಾರಿ ಅದರ ಅರ್ಥವನ್ನು ಆ ಕ್ಷಣಕ್ಕೆ ಹೊಳೆದ ಮಾತುಗಳಲ್ಲಿ ವಿಸ್ತರಿಸುತ್ತಾನೆ. ಇದಕ್ಕೆ ಬರೆದಿಟ್ಟ ಸಂಭಾಷಣೆ ಇಲ್ಲ. ಕನ್ನಡ ಬಾರದವನಿಗೆ ಈ ಭಾಗ ಮುಚ್ಚಿದ ಬಾಗಿಲು. ಕಾರಂತರು ಅದನ್ನು ಕೈಬಿಟ್ಟರು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿ, ಹಾಡು, ಕುಣಿತ, ಅಭಿನಯಗಳಷ್ಟೇ ಇರುವ ಯಕ್ಷಗಾನ ಬ್ಯಾಲೆಯನ್ನು ಕಟ್ಟಿದರು. ಯಕ್ಷರಂಗ ಎಂಬ ಹೆಸರಿನ ತಂಡ ರೂಪುಗೊಂಡಿತು. ಪಂಚವಟಿ, ನಳದಮಯಂತಿ, ಅಭಿಮನ್ಯು ವಧೆ ಮೊದಲಾದ ಕಥಾನಕಗಳು ಈ ಹೊಸ ರೂಪದಲ್ಲಿ ರಂಗಕ್ಕೆ ಬಂದವು.

ಮಾತು ಹೋದ ಜಾಗದಲ್ಲಿ ಶೂನ್ಯ ಉಳಿಯಿತು. ಚೆಂಡೆ ಮತ್ತು ಮದ್ದಲೆ ಲಯ ಕೊಡುವ ವಾದ್ಯಗಳು. ಸ್ವರ ಹಿಡಿದು ಎಳೆಯುವ ವಾದ್ಯ ಕರಾವಳಿಯ ಹಿಮ್ಮೇಳದಲ್ಲಿರಲಿಲ್ಲ. ಶ್ರುತಿಯ ಆಧಾರದ ಮೇಲೆ ಭಾಗವತರ ಕಂಠವೊಂದೇ ರಾಗದ ಭಾರ ಹೊರಬೇಕು. ಭಾಗವತರು ಉಸಿರು ತೆಗೆದುಕೊಳ್ಳುವಾಗ ದುಃಖದ ಸನ್ನಿವೇಶವೂ ನಿಂತುಬಿಡುತ್ತದೆ. ಈ ಜಾಗವನ್ನು ತುಂಬಲು ಕಾರಂತರು ಪಿಟೀಲು ಮತ್ತು ಸ್ಯಾಕ್ಸೊಫೋನ್‌ಗಳನ್ನು ಆರಿಸಿಕೊಂಡರು.

ಸ್ಯಾಕ್ಸೊಫೋನಿನ ಆಯ್ಕೆಗೆ ಕಾರಣವಿಲ್ಲದಿರಲಿಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ರೂಪಿಸಿ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಮೊದಲು ಸೈನ್ಯದ ಬ್ಯಾಂಡುಗಳಿಗೆ ಸೇರಿತು. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಕಪ್ಪು ಜನಾಂಗದ ಸಂಗೀತಗಾರರ ಕೈಯಲ್ಲಿ ಜಾಝ್‌ನ ಮುಖ್ಯ ದನಿಯಾಯಿತು. ಭಾರತಕ್ಕೆ ಬ್ಯಾಂಡುಗಳ ಮೂಲಕ, ಅರಮನೆಗಳ ಮೂಲಕ, ಗೋವೆಯ ವಾದಕರು ನುಡಿಸುತ್ತಿದ್ದ ಮುಂಬಯಿಯ ದೊಡ್ಡ ಹೋಟೆಲುಗಳ ಮೂಲಕ ಬಂತು. ಅದರ ಗುಣವೆಂದರೆ ಮನುಷ್ಯ ಕಂಠದಂತೆ ಅಳಬಲ್ಲದು, ಗದರಬಲ್ಲದು. ಬಯಲಿನಲ್ಲಿ ಚೆಂಡೆಯ ಅಬ್ಬರದ ನಡುವೆಯೂ ಕೇಳಿಸಬಲ್ಲದು. ಬಯಲುಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಮುಖವೀಣೆ ಎಂಬ ಊದುವ ವಾದ್ಯ ಭಾಗವತರ ಜೊತೆಗಿದೆ. ಪಡುವಲಪಾಯದ ಹಿಮ್ಮೇಳದಲ್ಲಿ ಅಂತಹುದೇ ಕೆಲಸವನ್ನು ಸ್ಯಾಕ್ಸೊಫೋನ್ ನಿರ್ವಹಿಸಿತು.

ಎರಡು ಆಕ್ಷೇಪ

ಆಕ್ಷೇಪಗಳು ಎರಡು ದಿಕ್ಕಿನಿಂದ ಬಂದವು. ಸಿನಿಮಾ ಧಾಟಿಯನ್ನು ಮೈಲಿಗೆ ಎಂದವರು ತಾವೇ ವಿದೇಶಿ ವಾದ್ಯ ತಂದದ್ದೇಕೆ ಎಂಬುದು ಮೊದಲನೆಯದು. ಇದಕ್ಕೆ ಕಾರಂತರ ಪ್ರಯೋಗದಲ್ಲಿಯೇ ಉತ್ತರವಿತ್ತು. ಡೇರೆ ಮೇಳಗಳಲ್ಲಿ ವಾದ್ಯ ಹಳೆಯದಾಗಿ ಧಾಟಿ ಬದಲಾಗಿತ್ತು. ಯಕ್ಷರಂಗದಲ್ಲಿ ವಾದ್ಯ ಹೊಸದಾಗಿ ಧಾಟಿ ಹಳೆಯದಾಗಿಯೇ ಉಳಿಯಿತು. ಓಲೆಗಳಿಂದ ಹೆಕ್ಕಿದ ರಾಗಗಳನ್ನೇ ಸ್ಯಾಕ್ಸೊಫೋನ್ ಹಿಂಬಾಲಿಸಬೇಕಿತ್ತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಅದನ್ನು ಯಾರೂ ವಿದೇಶಿ ಎಂದು ದೂರ ಇಟ್ಟಿರಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಅರ್ಥಗಾರಿಕೆ ಯಕ್ಷಗಾನದ ಅರ್ಧ ಪ್ರಾಣ. ಕುಣಿತ, ವೇಷ ಎರಡೂ ಇಲ್ಲದೆ ಹಾಡು ಮತ್ತು ಮಾತಿನಿಂದಲೇ ರಾತ್ರಿ ಕಳೆಯುವ ತಾಳಮದ್ದಲೆ ಎಂಬ ಪ್ರಕಾರವೇ ಈ ಜಿಲ್ಲೆಗಳಲ್ಲಿದೆ. ಅಕ್ಷರ ಕಲಿಯದವನೂ ರಾಮಾಯಣ, ಮಹಾಭಾರತಗಳ ಧರ್ಮಸೂಕ್ಷ್ಮವನ್ನು ತಿಳಿದದ್ದು ಕಲಾವಿದರ ಈ ಮಾತಿನಿಂದ. ಕನ್ನಡದ ಶುದ್ಧ ರೂಪವನ್ನು ತುಳು, ಕೊಂಕಣಿ ಮನೆಮಾತಿನವರ ಕಿವಿಗೆ ತಲುಪಿಸಿದ್ದೂ ಅದೇ. ದೂರದೇಶದ ಪ್ರೇಕ್ಷಕನಿಗಾಗಿ ಊರಿನ ಪ್ರೇಕ್ಷಕನ ಪಾಲನ್ನು ಕಿತ್ತುಕೊಳ್ಳುವುದು ನ್ಯಾಯವೇ ಎಂದು ಬಲ್ಲವರು ಕೇಳಿದರು. ಕನ್ನಡ ಗದ್ಯದ ದೊಡ್ಡ ಲೇಖಕರೊಬ್ಬರು ಕನ್ನಡದ ಮಾತನ್ನೇ ರಂಗದಿಂದ ಹೊರಗಿಟ್ಟದ್ದು ಅನೇಕರಿಗೆ ಅರಗಲಿಲ್ಲ.

ಆ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಯಕ್ಷರಂಗದ ಪ್ರದರ್ಶನಗಳು ದೇಶದ ನಗರಗಳಲ್ಲಿಯೂ ಹೊರದೇಶಗಳಲ್ಲಿಯೂ ಮೆಚ್ಚುಗೆ ಪಡೆದವು. ಊರಿನ ಬಯಲಾಟದ ಸ್ಥಾನವನ್ನು ಅವು ಪಡೆಯಲಿಲ್ಲ. ಮಾತಿಲ್ಲದ ಯಕ್ಷಗಾನವನ್ನು ಯಾವ ಮೇಳವೂ ತನ್ನ ತಿರುಗಾಟದ ಕ್ರಮವನ್ನಾಗಿ ಮಾಡಿಕೊಳ್ಳಲಿಲ್ಲ. ನವೆಂಬರಿನಿಂದ ಪತ್ತನಾಜೆಯವರೆಗೆ ನಡೆಯುವ ಹರಕೆಯ ಆಟಗಳಲ್ಲಿ ಅರ್ಥಗಾರಿಕೆ ಇಂದಿಗೂ ಗಟ್ಟಿಯಾಗಿಯೇ ಇದೆ. ಯಕ್ಷರಂಗ ಒಂದು ಬೇರೆಯೇ ರಂಗರೂಪವಾಗಿ ನಿಂತಿತು. ಹಾಗೆ ನಿಂತದ್ದರಿಂದ ಎರಡಕ್ಕೂ ಕೇಡಾಗಲಿಲ್ಲ ಎನ್ನಬೇಕು.

ಎಪ್ಪತ್ತರ ಮೇಲಿನ ಕುಣಿತ

ಈ ಎಲ್ಲ ಪ್ರಯೋಗಗಳ ಹೊತ್ತಿಗೆ ಕಾರಂತರ ವಯಸ್ಸು ಎಪ್ಪತ್ತರ ಆಸುಪಾಸಿನಲ್ಲಿತ್ತು. ಬೇರೆಯವರು ನಿವೃತ್ತಿಯ ವಿಶ್ರಾಂತಿ ಪಡೆಯುವ ಪ್ರಾಯದಲ್ಲಿ ಅವರು ಕಲಾವಿದರೊಂದಿಗೆ ತಾಲೀಮಿನ ಅಂಗಳದಲ್ಲಿದ್ದರು. ಹೆಜ್ಜೆ ತಪ್ಪಿದರೆ ಸಿಡುಕುತ್ತಿದ್ದರು, ತಾವೇ ಕುಣಿದು ತೋರಿಸುತ್ತಿದ್ದರು. 1970ರ ದಶಕದಲ್ಲಿ ಪುತ್ತೂರನ್ನು ಬಿಟ್ಟು ಹುಟ್ಟೂರಿನ ಮಗ್ಗುಲಿನ ಸಾಲಿಗ್ರಾಮದಲ್ಲಿ ಮನೆ ಮಾಡಿದರು. ತೆಂಕಿನಿಂದ ಬಡಗಿಗೆ ಮರಳಿದಂತಾಯಿತು.

ಪ್ರಶಸ್ತಿಗಳು ಸಾಲುಗಟ್ಟಿ ಬಂದವು. 1955ರಲ್ಲಿ ಮೈಸೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಅವರಿಗೆ, ಮೂಕಜ್ಜಿಯ ಕನಸುಗಳು ಕಾದಂಬರಿಗಾಗಿ 1977ರ ಜ್ಞಾನಪೀಠ ದೊರೆಯಿತು. 1968ರಲ್ಲಿ ಬಂದಿದ್ದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂತಿರುಗಿಸಿದರು. 40ಕ್ಕೂ ಹೆಚ್ಚು ಕಾದಂಬರಿಗಳು, ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚ, ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ ಅವರ ಲೇಖನಿಯಿಂದ ಬಂದವು. ಕೈಗಾ ಅಣು ವಿದ್ಯುತ್ ಸ್ಥಾವರವನ್ನು ವಿರೋಧಿಸಿದ ಅವರು 1989ರ ಲೋಕಸಭಾ ಚುನಾವಣೆಗೆ ಸ್ಪರ್ಧಿಸಿ ಸೋತರು. ಆಗ ಅವರಿಗೆ 87 ವರ್ಷ.

1986ರಲ್ಲಿ ಲೀಲಾ ಕಾರಂತರು ತೀರಿಕೊಂಡರು. ಹಿರಿಯ ಮಗ ಹರ್ಷ ಅದಕ್ಕೂ ಬಹಳ ಮೊದಲೇ ಅಗಲಿದ್ದ. ದುಃಖವನ್ನು ಹೊರಗೆ ತೋರುವ ಸ್ವಭಾವ ಕಾರಂತರದಾಗಿರಲಿಲ್ಲ. ದುಡಿಮೆಯೇ ಅವರ ಮದ್ದಾಯಿತು. 1997ರ ಡಿಸೆಂಬರ್ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದಾಗ 95 ವರ್ಷ ತುಂಬಿತ್ತು.

ಉಳಿದದ್ದು

ಕಾರಂತರು ತೀರಿಕೊಂಡ ಮೂರು ವರ್ಷಗಳಿಗೆ, 2000ದಲ್ಲಿ, ಹರಿದಾಸ ಭಟ್ಟರೂ ಅಗಲಿದರು. ಮದ್ದಲೆಯ ಹಿರಿಯಡ್ಕ ಗೋಪಾಲ ರಾಯರು ನೂರು ವರ್ಷ ದಾಟಿ 2020ರಲ್ಲಿ ಕಣ್ಮುಚ್ಚಿದರು. ಆರಂಭಿಸಿದವರೆಲ್ಲ ಹೋದ ಮೇಲೂ ಯಕ್ಷಗಾನ ಕೇಂದ್ರ ಬಾಗಿಲು ಮುಚ್ಚಲಿಲ್ಲ. ಇಂದ್ರಾಳಿಯಲ್ಲಿ ನೆಲೆಯೂರಿದ ಕೇಂದ್ರ ಮಣಿಪಾಲದ ಮಾಹೆಯ ಆಶ್ರಯಕ್ಕೆ ಬಂತು. ಕಾರಂತರ ಗರಡಿಯಲ್ಲಿ ಪಳಗಿದ ಬನ್ನಂಜೆ ಸಂಜೀವ ಸುವರ್ಣರು ಅಲ್ಲಿ ಗುರುಗಳಾಗಿ ಹಲವು ತಲೆಮಾರಿನ ಹುಡುಗರಿಗೆ ಹೆಜ್ಜೆ ಕಲಿಸಿದರು. ಅರ್ಧ ಶತಮಾನ ದಾಟಿದ ಕಲಾಶಾಲೆಗಳು ಕರಾವಳಿಯಲ್ಲಿ ಹೆಚ್ಚಿಲ್ಲ.

ಸ್ಯಾಕ್ಸೊಫೋನಿನ ದಾರಿ ಬೇರೆಯಾಯಿತು. ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಈ ವಾದ್ಯಕ್ಕೆ ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ಏರಿಸಿದರು. ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿಯೊಂದಿಗೆ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸ್ಯಾಕ್ಸೊಫೋನ್ ಕರಾವಳಿಯ ಸ್ವಂತ ವಾದ್ಯವೇ ಆಗಿತ್ತು. ಜಾಝ್ ಕ್ಲಬ್ಬಿನ ವಾದ್ಯವೆಂದು ಒಂದು ಕಾಲದಲ್ಲಿ ಹುಬ್ಬೇರಿಸಿದ ಊರುಗಳೇ ಇಂದು ಅದನ್ನು ಮಂಗಳವಾದ್ಯದ ಸಾಲಿನಲ್ಲಿ ಕೂರಿಸಿವೆ.

ಪುತ್ತೂರಿನ ಬಾಲವನ, ಕೋಟತಟ್ಟಿನ ಕಾರಂತ ಥೀಮ್ ಪಾರ್ಕ್‌ಗಳು ಕಾರಂತರ ನೆನಪನ್ನು ಕಾಯುತ್ತಿವೆ. ಇಂದ್ರಾಳಿಯಲ್ಲಿರುವ ಸ್ಮಾರಕಕ್ಕೆ ಅವರ ಹೆಸರಿನ ಫಲಕದ ಅಗತ್ಯವಿಲ್ಲ. ಮುಂಡಾಸು ಕಟ್ಟುವುದನ್ನು, ಹಳೆಯ ರಾಗಗಳನ್ನು, ಹಾರಾಡಿ ಮಟಪಾಡಿಯ ಹೆಜ್ಜೆಗಳನ್ನು ಅಲ್ಲಿ ಕಲಿತವರು ಮೇಳಗಳಿಗೆ ಹೋಗುತ್ತಾರೆ, ಆಟದಲ್ಲಿ ಅರ್ಥ ಹೇಳುತ್ತಾರೆ. ಕಾರಂತರು ಹೊರಗಿಟ್ಟ ಮಾತು ಮತ್ತು ಅವರು ಉಳಿಸಿಕೊಟ್ಟ ಕುಣಿತ ಎರಡೂ ಒಂದೇ ಕಲಾವಿದನಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಎರ್ಮಾಳಿನಲ್ಲಿ ಜಾತ್ರೆಯ ಕೊಡಿ ಏರಿ ಮತ್ತೊಂದು ಸುತ್ತು ಉತ್ಸವಗಳು ಮೊದಲಾಗುವಾಗ, ಚೆಂಡೆಯ ಪೆಟ್ಟಿನ ನಡುವೆ ತೇಲಿ ಬರುವ ಸ್ಯಾಕ್ಸೊಫೋನಿನ ದನಿಯಲ್ಲಿ ಕೋಟದ ಆ ಹಟವಾದಿ ಮುದುಕರನ್ನೂ ನೆನೆಯಬಹುದು.